ಸಮರತಂತ್ರದ ಆಟಗಳು: ಹೊಸಬರ ಕಲಿಕೆ

ಕಾಳಗವೊಂದನ್ನು ಹಲಗೆ, ನಕ್ಷೆ ಅಥವಾ ಕಂಪ್ಯೂಟರ್ ಪರದೆಯ ಮೇಲೆ ಹೂಡಿ, ಆಡುವವರೇ ಸೇನಾಪತಿಗಳಾಗಿ ನಡೆಸುವ ಆಟಗಳು ಸಮರತಂತ್ರದ ಆಟಗಳು. ಚದುರಂಗ ಇವುಗಳಲ್ಲಿ ಬಹಳ ಹಳೆಯದು, ಬಹಳ ಅಡಕವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯದ ಸೇನೆ ರೂಪಿಸಿದ ನಕ್ಷೆಯಾಟ, ಇಪ್ಪತ್ತನೆಯ ಶತಮಾನದ ಷಟ್ಕೋನ ಮನೆಗಳ ಹಲಗೆಯಾಟ, ಇಂದಿನ ಕಂಪ್ಯೂಟರ್ ಯುದ್ಧಾಟ ಇವೆಲ್ಲ ಅದರ ನಂತರದ ಕವಲುಗಳು. ಇಂಥ ಆಟಗಳಲ್ಲಿ ಕಾಯಿಗಳ ಬಗೆ ಹೆಚ್ಚು, ನಿಯಮ ಹೆಚ್ಚು. ನೆಲದ ಏರುತಗ್ಗು, ಹೊಳೆ, ಕಾಡು, ಮದ್ದುಗುಂಡು, ದಣಿವು, ಸುದ್ದಿ ತಲುಪುವ ವಿಳಂಬ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಹೊಸಬರನ್ನು ಒಳಗೆ ಕರೆತರುವುದು ಈ ಆಟಗಳ ಮೊದಲಿನಿಂದಲೂ ಇರುವ ಸಮಸ್ಯೆ. ಮೊದಲ ಸಂಜೆಯೇ ನೂರು ಪುಟದ ನಿಯಮ ಪುಸ್ತಕ ಕೈಗಿತ್ತರೆ ಎರಡನೆಯ ಸಂಜೆ ಅವರು ಬರುವುದಿಲ್ಲ.

ಈ ಲೇಖನ ಆ ಸಮಸ್ಯೆಗೆ ಬೇರೆ ಬೇರೆ ಕಾಲಗಳಲ್ಲಿ ಸಿಕ್ಕ ಉತ್ತರಗಳನ್ನು ಪರಿಶೀಲಿಸುತ್ತದೆ. ಜೊತೆಗೆ ಹಾವೇರಿ ಜಿಲ್ಲೆಯ ಉತ್ತರ, ಪಶ್ಚಿಮ ಮತ್ತು ದಕ್ಷಿಣ ಭಾಗಗಳನ್ನು, ಅಂದರೆ ತಿಳವಳ್ಳಿಯ ಸುತ್ತಣ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು, ಉದಾಹರಣೆಯಾಗಿ ತೆಗೆದುಕೊಳ್ಳುತ್ತದೆ. ಸೇವುಣರ ಕಾಲದಲ್ಲಿ, 1238ರಲ್ಲಿ, ಕಟ್ಟಿದ ಶಾಂತೇಶ್ವರ ಗುಡಿಯಿಂದ ಹೆಸರಾದ ತಿಳವಳ್ಳಿಯಲ್ಲಿ ನಿಂತು ನೋಡಿದರೆ ಹಾನಗಲ್ಲಿನ ಮುತ್ತಿಗೆ, ರಟ್ಟೀಹಳ್ಳಿಯ ಕಾಳಗ, ಸವಣೂರಿನ ಎರಡು ಯುದ್ಧಗಳು ನಡೆದ ನೆಲವೆಲ್ಲ ಒಂದು ದಿನದ ತಿರುಗಾಟದಷ್ಟು ದೂರದಲ್ಲಿದೆ. ಸಮರತಂತ್ರ ಕಲಿಸುವವರಿಗೆ ಇಷ್ಟು ಅಚ್ಚುಕಟ್ಟಾದ ಪಾಠಶಾಲೆ ಕರ್ನಾಟಕದಲ್ಲಿ ಅಪರೂಪ.

ಕನ್ನಡ ನಾಡಿನಲ್ಲಿ ಚದುರಂಗ

ಚದುರಂಗ ಹುಟ್ಟಿದ್ದು ಭಾರತದಲ್ಲಿ, ಸುಮಾರು ಆರನೆಯ ಶತಮಾನದ ಹೊತ್ತಿಗೆ. ಏಳನೆಯ ಶತಮಾನದ ಬಾಣನ ಹರ್ಷಚರಿತದಲ್ಲಿ ಅದರ ಉಲ್ಲೇಖವಿದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆ ಆಗಿನವರಿಗೆ ಚಿರಪರಿಚಿತ. ಆಟಕ್ಕೆ ಕೂತವನಿಗೆ ರಥ ಏಕೆ ನೇರ ನುಗ್ಗುತ್ತದೆ, ಕುದುರೆ ಏಕೆ ಹಾರುತ್ತದೆ ಎಂದು ವಿವರಿಸುವ ಅಗತ್ಯ ಇರಲಿಲ್ಲ. ನಿಯಮ ಮತ್ತು ಅನುಭವ ಒಂದೇ ಕಡೆಯಿಂದ ಬಂದಿದ್ದವು.

ಕನ್ನಡ ನಾಡಿಗೆ ಸಂಬಂಧಿಸಿದ ಮಹತ್ವದ ದಾಖಲೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಈ ಸಂಸ್ಕೃತ ಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಕೋಟೆ, ಸೈನ್ಯ, ಬೊಕ್ಕಸದ ವಿಚಾರ ಮೊದಲ ಭಾಗಗಳಲ್ಲಿ ಬಂದರೆ, ಚದುರಂಗ ಕೊನೆಯದಾದ ಕ್ರೀಡೆಗಳ ವಿಂಶತಿಯಲ್ಲಿ ಬರುತ್ತದೆ. ಒಬ್ಬನೇ ಅರಸ ಒಂದೇ ಗ್ರಂಥದಲ್ಲಿ ನಿಜವಾದ ಸೇನೆಯ ಬಗ್ಗೆಯೂ ಹಲಗೆಯ ಸೇನೆಯ ಬಗ್ಗೆಯೂ ಬರೆದ ಎಂಬುದನ್ನು ಗಮನಿಸಬೇಕು. ಹಾನಗಲ್ಲಿನ ಕದಂಬರು ಈ ಚಾಲುಕ್ಯರ ಸಾಮಂತರಾಗಿದ್ದರು. ಪಾನುಂಗಲ್ಲು ಎಂಬ ಹಳೆಯ ಹೆಸರಿನ ಈ ಪಟ್ಟಣ ಕಲ್ಯಾಣದ ರಾಜಕೀಯಕ್ಕೆ ನೇರವಾಗಿ ಅಂಟಿಕೊಂಡಿತ್ತು.

ಅದೇ ಕಾಲಘಟ್ಟದಲ್ಲಿ ನಾಲ್ವರು ಆಡುವ, ದಾಳ ಉರುಳಿಸುವ ಚದುರಂಗವೂ ರೂಢಿಯಲ್ಲಿತ್ತು. ಹನ್ನೊಂದನೆಯ ಶತಮಾನದ ಅಲ್ ಬಿರೂನಿ ಅದನ್ನು ವರ್ಣಿಸಿದ್ದಾನೆ. ಅದರಲ್ಲಿ ಯಾವ ಕಾಯಿ ನಡೆಸಬೇಕು ಎಂಬುದನ್ನು ದಾಳ ಹೇಳುತ್ತದೆ. ಎಲ್ಲಿಗೆ ನಡೆಸಬೇಕು ಎಂಬುದನ್ನು ಮಾತ್ರ ಆಟಗಾರ ನಿರ್ಧರಿಸುತ್ತಾನೆ. ಚದುರಂಗದ ಪಂಡಿತರು ಈ ಬಗೆಯನ್ನು ಅದೃಷ್ಟದಾಟವೆಂದು ಕೀಳಾಗಿ ಕಂಡದ್ದುಂಟು. ಕಲಿಕೆಯ ದೃಷ್ಟಿಯಿಂದ ನೋಡಿದರೆ ಆ ತೀರ್ಪು ಸರಿಯಲ್ಲ. ಹದಿನಾರು ಕಾಯಿಗಳ ಮುಂದೆ ಕೂತ ಹೊಸಬನನ್ನು ಕಂಗೆಡಿಸುವುದು ನಿಯಮಗಳಲ್ಲ, ಆಯ್ಕೆಗಳು. ದಾಳ ಆ ಆಯ್ಕೆಗಳನ್ನು ಮೂರೋ ನಾಲ್ಕೋ ಉಳಿಸಿ ಮಿಕ್ಕಿದ್ದನ್ನು ಬದಿಗೆ ಸರಿಸುತ್ತದೆ. 2004ರಲ್ಲಿ ಬಂದ ರಿಚರ್ಡ್ ಬೋರ್ಗ್ ಅವರ 'ಮೆಮೊಯಿರ್ 44' ಎಂಬ ಎರಡನೆಯ ಮಹಾಯುದ್ಧದ ಹಲಗೆಯಾಟ ಅದೇ ಕೆಲಸವನ್ನು ಕಾರ್ಡುಗಳಿಂದ ಮಾಡಿಸಿತು. ಕೈಯಲ್ಲಿರುವ ಕಾರ್ಡು ಎಡ, ನಡು, ಬಲ ಎಂಬ ಮೂರು ಭಾಗಗಳಲ್ಲಿ ಯಾವ ಭಾಗದ ಎಷ್ಟು ತುಕಡಿಗಳಿಗೆ ಆದೇಶ ಕೊಡಬಹುದೆಂದು ಹೇಳುತ್ತದೆ. ಯುದ್ಧಾಟವನ್ನೇ ಕಂಡಿರದವರೂ ಅದನ್ನು ಮೊದಲ ಗಂಟೆಯಲ್ಲೇ ಆಡಬಲ್ಲವರಾದದ್ದು ಈ ಕಾರಣದಿಂದ.

ಆಟಗಳ ವಿಷಯದಲ್ಲಿ ಕರ್ನಾಟಕದ ಅತಿ ದೊಡ್ಡ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). 1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಮೈಸೂರಿನ ಈ ಅರಸರು ಸಾಹಿತ್ಯ, ಚಿತ್ರ ಮತ್ತು ಆಟಗಳಲ್ಲಿ ತಮ್ಮ ಬುದ್ಧಿಯನ್ನು ತೊಡಗಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಹಲಗೆಯಾಟ, ಚದುರಂಗ, ಎಲೆಗಳಿಂದ ಆಡುವ ಛದ ಆಟಗಳಿಗೆ ಮೀಸಲು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಬರೆಸಿದ್ದಾರೆ. ಅವರಿಗೆ ವಿಶೇಷ ಆಸಕ್ತಿಯಿದ್ದದ್ದು ಕುದುರೆಯ ಸಂಚಾರದಲ್ಲಿ: ಒಂದೇ ಕುದುರೆ ಯಾವ ಮನೆಯನ್ನೂ ಎರಡು ಸಲ ತುಳಿಯದೆ 64 ಮನೆಗಳನ್ನೂ ಸುತ್ತಿ ಬರಬೇಕು. ಕುದುರೆಯ ದಾರಿಗೆ ಅಕ್ಷರಗಳನ್ನು ಹೊಂದಿಸಿ ಶ್ಲೋಕ ಓದಿಸುವ ತುರಗಬಂಧದ ಕಲೆ ಅದಕ್ಕಿಂತ ಸಾವಿರ ವರ್ಷ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ಅದನ್ನು ಬಲ್ಲ. ವಿದ್ವಾಂಸರು ಇದನ್ನು ಗಣಿತದ ಕೌತುಕವೆಂದು ಓದುತ್ತಾರೆ. ಕಲಿಸುವವರಿಗೆ ಅದು ಬೇರೆಯೇ ಆದ ಸಾಧನ. ಚದುರಂಗದಲ್ಲಿ ಹೊಸಬರು ಅತಿ ಹೆಚ್ಚು ಎಡವುವುದು ಕುದುರೆಯ ನಡೆಯಲ್ಲಿ. ಎದುರಾಳಿಯಿಲ್ಲದ ಹಲಗೆಯ ಮೇಲೆ ಕುದುರೆಯೊಂದನ್ನೇ ಸುತ್ತಿಸಿದ ಮಗುವಿಗೆ ಎರಡೇ ದಿನದಲ್ಲಿ ಆ ನಡೆ ಕಣ್ಣಿಗೆ ಕೂಡುತ್ತದೆ. ಸೋಲಿನ ಭಯವಿಲ್ಲ, ಕಾಯಿ ಕಳೆದುಕೊಳ್ಳುವ ಅಂಜಿಕೆಯಿಲ್ಲ.

ಕರ್ನಾಟಕದ ಆಟಗಳ ಈ ಪರಂಪರೆಯನ್ನು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಮತ್ತೆ ಜನರ ಮುಂದಿಟ್ಟಿದೆ. ಸ್ಪರ್ಧಾ ಚದುರಂಗದ ಕಡೆಯಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಊರಕಟ್ಟೆಯ ಮೊದಲ ಪಾಠ

ಚದುರಂಗಕ್ಕಿಂತ ಮೊದಲೇ ಹಳ್ಳಿಯ ಮಕ್ಕಳಿಗೆ ತಂತ್ರ ಕಲಿಸುವುದು ಹುಲಿ-ಕುರಿ ಆಟ. ಗುಡಿಯ ಜಗಲಿ, ಊರ ಕಟ್ಟೆ, ಬಂಡೆ ಎಲ್ಲೆಂದರಲ್ಲಿ ಇದರ ಗೆರೆಗಳನ್ನು ಕೊರೆದಿರುತ್ತಾರೆ. ಹಂಪಿಯ ಕಲ್ಲುಹಾಸುಗಳ ಮೇಲೂ ಇಂಥ ಹಾಸುಗಳಿವೆ. ಊರಿಂದ ಊರಿಗೆ ಮನೆಗಳ ಸಂಖ್ಯೆ, ಕುರಿಗಳ ಸಂಖ್ಯೆ ಬದಲಾಗುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಹುಲಿ ಮೂರು, ಕುರಿ ಹದಿನೈದು. ಹುಲಿ ಪಕ್ಕದ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಕುರಿ ಸತ್ತಂತೆ. ಹುಲಿಗಳು ಅಲುಗದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು.

ಈ ಸಣ್ಣ ಆಟದಲ್ಲಿ ದೊಡ್ಡ ಆಟಗಳು ಮರೆತ ಎರಡು ಗುಣಗಳಿವೆ. ಒಂದು, ಕುರಿಗಳು ಒಮ್ಮೆಗೇ ಹಾಸಿನ ಮೇಲೆ ಬರುವುದಿಲ್ಲ. ಸರದಿಗೆ ಒಂದರಂತೆ ಇಡಬೇಕು, ಎಲ್ಲ ಇಟ್ಟಾದ ಮೇಲೆಯೇ ಚಲನೆ. ಆಟ ತಾನಾಗಿಯೇ ಸರಳದಿಂದ ಜಟಿಲಕ್ಕೆ ಬೆಳೆಯುತ್ತದೆ. ಎರಡು, ಎರಡು ಪಕ್ಷಗಳೂ ಸಮಾನವಲ್ಲ. ಬಲವಾದ ಕೆಲವು, ದುರ್ಬಲವಾದ ಹಲವು. ನಿಜವಾದ ಯುದ್ಧದಲ್ಲಿಯೂ ಹೀಗೆಯೇ. ಹೊಸಬರಿಗೆ ಮೊದಲು ಹುಲಿ ಕೊಡಬೇಕು, ಏಕೆಂದರೆ ಹುಲಿಗೆ ಒಂದು ಹೆಜ್ಜೆ ಮುಂದೆ ನೋಡಿದರೆ ಸಾಕು, ಫಲ ಕೂಡಲೇ ಕಾಣುತ್ತದೆ. ಕುರಿಗಳಿಗೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಜಾಣ್ಮೆ ಬೇಕು. ಅದನ್ನು ಎರಡನೆಯ ಪಾಠವಾಗಿ ಇಡುವುದೇ ಕ್ರಮ. ಮೊದಲ ದಿನವೇ ಕುರಿ ಹಿಡಿಸಿ ಹತ್ತು ಕುರಿ ತಿನ್ನಿಸಿದ ಹಿರಿಯರು ಒಬ್ಬ ಆಟಗಾರನನ್ನು ಕಳೆದುಕೊಳ್ಳುತ್ತಾರೆ.

ಚದುರಂಗಕ್ಕೂ ಇದೇ ಕ್ರಮ ಹೊಂದುತ್ತದೆ. ರಾಜರನ್ನೂ ಕಾಲಾಳುಗಳನ್ನೂ ಮಾತ್ರ ಹೂಡಿ ಯಾರು ಮೊದಲು ಆಚೆ ದಡ ಮುಟ್ಟುತ್ತಾರೆ ಎಂದು ಆಡಿಸುವುದು, ಆಮೇಲೆ ಆನೆ, ಆಮೇಲೆ ಒಂಟೆ, ಕುದುರೆ, ಕಡೆಗೆ ಮಂತ್ರಿ. ವಿಶ್ವ ಚಾಂಪಿಯನ್ ಕಾಪಬ್ಲಾಂಕ ಕೂಡ ಕಡೆಯಾಟದಿಂದಲೇ, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಯಿಂದಲೇ, ಕಲಿಕೆ ಆರಂಭವಾಗಬೇಕೆಂದು ವಾದಿಸಿದ್ದರು.

ತೀರ್ಪುಗಾರ ಹೊರುವ ಹೊರೆ

ಯುರೋಪಿನಲ್ಲಿ ಚದುರಂಗವನ್ನು ನಿಜವಾದ ಯುದ್ಧಕ್ಕೆ ಹತ್ತಿರ ಒಯ್ಯುವ ಯತ್ನ 1780ರ ಸುಮಾರಿಗೆ ಜರ್ಮನಿಯ ಹೆಲ್‌ವಿಗ್‌ನಿಂದ ಆರಂಭವಾಯಿತು. ಅವನು ಮನೆಗಳ ಸಂಖ್ಯೆಯನ್ನು ಸಾವಿರ ದಾಟಿಸಿ, ಬಣ್ಣಗಳಿಂದ ಬೆಟ್ಟ, ನೀರು, ಊರುಗಳನ್ನು ಗುರುತಿಸಿದ. ನಿರ್ಣಾಯಕ ಹೆಜ್ಜೆ ಇಟ್ಟದ್ದು ಪ್ರಷ್ಯದ ರೈಸ್‌ವಿಟ್ಸ್ ಎಂಬ ತಂದೆ ಮತ್ತು ಮಗ. 1824ರಲ್ಲಿ ಮಗ ಪ್ರಕಟಿಸಿದ ಆಟದಲ್ಲಿ ಚೌಕಗಳೇ ಇರಲಿಲ್ಲ. 1:8000 ಅಳತೆಯ ನಿಜವಾದ ನಕ್ಷೆಯ ಮೇಲೆ ಸೀಸದ ತುಂಡುಗಳು ಸಾಗುತ್ತಿದ್ದವು, ನಷ್ಟವನ್ನು ದಾಳ ನಿರ್ಧರಿಸುತ್ತಿತ್ತು. ಪ್ರಷ್ಯದ ಸೇನಾ ಮುಖ್ಯಸ್ಥ ಮ್ಯುಫ್ಲಿಂಗ್ ಅದನ್ನು ನೋಡಿ ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದ.

ಹೊಸಬರ ದೃಷ್ಟಿಯಿಂದ ಆ ಆಟದ ದೊಡ್ಡ ಆವಿಷ್ಕಾರ ತೀರ್ಪುಗಾರ. ಎರಡು ಪಕ್ಷಗಳ ನಡುವೆ ಕೂತ ಅನುಭವಿ ಅಧಿಕಾರಿ ಕೋಷ್ಟಕಗಳನ್ನೆಲ್ಲ ತಾನೇ ನೋಡುತ್ತಿದ್ದ. ಕಲಿಯುವವನು ತನ್ನ ತುಕಡಿಗೆ ಏನು ಆದೇಶ ಕೊಡಬೇಕೆಂದು ಬರೆದು ಕೊಟ್ಟರೆ ಆಯಿತು, ನಿಜವಾದ ಯುದ್ಧದಲ್ಲಿ ಬರೆಯುವ ಹಾಗೆಯೇ. ಶತ್ರು ಎಲ್ಲಿದ್ದಾನೆಂಬುದೂ ತೀರ್ಪುಗಾರ ಹೇಳಿದಷ್ಟೇ ಗೊತ್ತು. ಕ್ರಮೇಣ ನಿಯಮಗಳು ಬೆಳೆದು, ತೀರ್ಪುಗಾರರೇ ಕೋಷ್ಟಕದೊಳಗೆ ಮುಳುಗಿದಾಗ, 1876ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ಕೋಷ್ಟಕಗಳನ್ನು ಬಹುಪಾಲು ಬದಿಗಿರಿಸಿ, ತೀರ್ಪುಗಾರನ ಯುದ್ಧಾನುಭವವೇ ಸಾಕು ಎಂಬ ಮುಕ್ತ ಪದ್ಧತಿಯನ್ನು ಮುಂದಿಟ್ಟ. ಎರಡು ಪದ್ಧತಿಗಳ ನಡುವಿನ ಜಗ್ಗಾಟ ಇಂದಿಗೂ ಮುಗಿದಿಲ್ಲ. ಆದರೆ ಹೊಸಬರ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಮೊದಲ ಕೆಲವು ಆಟಗಳಲ್ಲಿ ನಿಯಮದ ಹೊರೆ ಹೊರಬೇಕಾದವನು ಕಲಿಸುವವನು, ಕಲಿಯುವವನಲ್ಲ.

ತೀರ್ಪುಗಾರ ಸಿಗದ ಮನೆಯಾಟಗಳು ಬೇರೆ ದಾರಿ ಹುಡುಕಿದವು. ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ಆಟಿಕೆ ಸಿಪಾಯಿಗಳಿಗೆ ಕೆಲವೇ ಪುಟಗಳ ನಿಯಮ ಬರೆದರು. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 'ಟ್ಯಾಕ್ಟಿಕ್ಸ್' ಹಲಗೆಯಾಟದಿಂದ ಈ ಉದ್ಯಮವನ್ನೇ ಹುಟ್ಟುಹಾಕಿದರು. ಆಮೇಲೆ ಆಟಗಳು ದಪ್ಪವಾಗುತ್ತಲೇ ಹೋದವು. ಕಲಿಕೆಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು 1977ರ 'ಸ್ಕ್ವಾಡ್ ಲೀಡರ್'. ಜಾನ್ ಹಿಲ್ ರೂಪಿಸಿದ ಈ ಆಟದಲ್ಲಿ 12 ಸನ್ನಿವೇಶಗಳಿದ್ದವು. ನಿಯಮ ಪುಸ್ತಕದ ಮೊದಲ ಭಾಗ ಓದಿದ ಕೂಡಲೇ ಸ್ಟಾಲಿನ್‌ಗ್ರಾಡಿನ ಬೀದಿಯಲ್ಲಿ ಕಾಲಾಳುಗಳ ಮೊದಲ ಕಾಳಗ ಆಡಬಹುದಿತ್ತು. ಮುಂದಿನ ಭಾಗ ಓದಿದರೆ ಮುಂದಿನ ಸನ್ನಿವೇಶ. ಟ್ಯಾಂಕುಗಳ ನಿಯಮ ಟ್ಯಾಂಕು ಬರುವ ಹೊತ್ತಿಗೇ ಬರುತ್ತಿತ್ತು. ಅದರ ಉತ್ತರಾಧಿಕಾರಿಯಾಗಿ 1985ರಲ್ಲಿ ಬಂದ ವಿಸ್ತೃತ ಆವೃತ್ತಿ ಈ ಮೆಟ್ಟಿಲುಗಳನ್ನು ಕೈಬಿಟ್ಟು ದಪ್ಪ ಕಡತದಂಥ ಪುಸ್ತಕವನ್ನು ಕೈಗಿತ್ತಿತು. 2004ರಲ್ಲಿ ಮತ್ತೆ ಕಾಲಾಳು ಮಾತ್ರ ಇರುವ ಆರಂಭಿಕ ಪೆಟ್ಟಿಗೆಯೊಂದನ್ನು ತರಬೇಕಾಯಿತು. ಮೆಟ್ಟಿಲು ತೆಗೆದ ಆಟಕ್ಕೇ ಮೆಟ್ಟಿಲು ಮತ್ತೆ ಕಟ್ಟಬೇಕಾಗಿ ಬಂದ ಈ ಪ್ರಸಂಗ ಆಟಗಳ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದದ್ದು.

ಕಂಪ್ಯೂಟರ್ ಆಟಗಳು ನಿಯಮದ ಲೆಕ್ಕವನ್ನು ಯಂತ್ರಕ್ಕೆ ವಹಿಸಿದವು. 1999ರ 'ಏಜ್ ಆಫ್ ಎಂಪೈರ್ಸ್ 2' ಆಟದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನ ಕಥನವೇ ಪಾಠಮಾಲೆ. ಮೊದಲ ಅಂಕದಲ್ಲಿ ನಡೆಯುವುದು, ಹೊಡೆಯುವುದು ಮಾತ್ರ. ದುಡಿಮೆ, ಕಟ್ಟಡ, ಮುತ್ತಿಗೆ ಆಮೇಲಾಮೇಲೆ. 2022ರ ಭಾರತೀಯ ವಿಸ್ತರಣೆಯಲ್ಲಿ ರಾಜೇಂದ್ರ ಚೋಳನ ಕಥನ ಸೇರಿತು. ಕನ್ನಡದ ಹುಡುಗರಿಗೆ ಇವುಗಳಲ್ಲಿರುವ ತೊಡಕು ಭಾಷೆಯದು. ಸೂಚನೆಗಳು ಕನ್ನಡದಲ್ಲಿ ಇಲ್ಲದಿರುವುದರಿಂದ ಓದದೆ ಒತ್ತುತ್ತ ಕಲಿಯುವ ಅಭ್ಯಾಸ ಬೆಳೆಯುತ್ತದೆ. ಬೆರಳು ಚುರುಕಾಗುತ್ತದೆ, ತಂತ್ರ ಹಿಂದುಳಿಯುತ್ತದೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಡುವವರ ಬೆಲೆ ಇಲ್ಲಿಯೇ.

ಒಂದು ಸೀಮೆಯ ನಾಲ್ಕು ಕಾಳಗ, ನಾಲ್ಕು ಪಾಠ

ಹಾನಗಲ್ಲಿನಿಂದ ಸವಣೂರಿನವರೆಗಿನ ನೆಲದಲ್ಲಿ ನಡೆದ ನಾಲ್ಕು ಪ್ರಸಂಗಗಳನ್ನು ಕಾಲಾನುಕ್ರಮದಲ್ಲಿ ಇಟ್ಟರೆ ಅವು ತಾವಾಗಿಯೇ ಸರಳದಿಂದ ಜಟಿಲಕ್ಕೆ ಏರುತ್ತವೆ. ಒಂದೊಂದಕ್ಕೂ ಒಂದೊಂದು ಹೊಸ ನಿಯಮ ಸಾಕು. ಕಾಗದದ ನಕ್ಷೆ, ಹುಣಸೆಬೀಜ, ಕವಡೆ, ಒಂದು ದಾಳ ಇದ್ದರೆ ಶಾಲೆಯ ಜಗಲಿಯಲ್ಲೇ ಆಡಿಸಬಹುದು.

ಮೊದಲನೆಯದು 1196ರ ಹಾನಗಲ್ಲಿನ ಮುತ್ತಿಗೆ. ಹೊಯ್ಸಳ ವೀರಬಲ್ಲಾಳ ಪಟ್ಟಣದ ಪಶ್ಚಿಮಕ್ಕಿರುವ ಆನೆಕೆರೆಯ ಬಳಿ ಬೀಡುಬಿಟ್ಟು ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಹೋರಾಡಿ ಹೊಯ್ಸಳರನ್ನು ಆ ಹೊತ್ತಿಗೆ ಹಿಮ್ಮೆಟ್ಟಿಸಿದರು. ಸೋಹಣಿ ಕಾಳಗದಲ್ಲಿ ಬಿದ್ದ. ಹಾನಗಲ್ಲಿನ ವೀರಗಲ್ಲೊಂದು ಇದನ್ನು ಮುತ್ತಿಗೆಯ ದೃಶ್ಯದೊಂದಿಗೆ ದಾಖಲಿಸಿದೆ. ಆಟವಾಗಿ ನೋಡಿದರೆ ಇದು ಹುಲಿ-ಕುರಿಗೆ ಅತಿ ಹತ್ತಿರ: ಒಳಗಿನವರು ಕಡಿಮೆ, ಗೋಡೆಯ ಬಲ ಇದೆ, ಹೊರಗಿನವರು ಹೆಚ್ಚು, ಗೋಡೆ ದಾಟಬೇಕು. ಕಲಿಸಬೇಕಾದ ನಿಯಮ ಒಂದೇ, ಗೋಡೆಯ ಹಿಂದಿರುವವನ ಬಲ ಇಮ್ಮಡಿ. ನೀರು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ, ಏಕೆಂದರೆ ಬಲ್ಲಾಳ ಕೆರೆಯ ದಂಡೆಯನ್ನೇ ಏಕೆ ಆರಿಸಿಕೊಂಡ ಎಂಬುದು ನಕ್ಷೆ ಬಿಡಿಸುತ್ತಲೇ ಹೊಳೆಯುತ್ತದೆ. ಆಟಕ್ಕೆ ಮುಂಚೆ ಮಕ್ಕಳನ್ನು ಆ ವೀರಗಲ್ಲಿನ ಮುಂದೆ ನಿಲ್ಲಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಮುನ್ನುಡಿ ಬೇರೆ ಇಲ್ಲ.

ಎರಡನೆಯದು 1756ರ ಸವಣೂರು. ಪೇಶ್ವೆ ಬಾಳಾಜಿ ಬಾಜೀರಾವ್ ನವಾಬ ಅಬ್ದುಲ್ ಹಕೀಂ ಖಾನನ ಪಟ್ಟಣವನ್ನು ಮುತ್ತಿದ. ಗುತ್ತಿಯ ಮುರಾರಿರಾವ್ ಘೋರ್ಪಡೆ ನವಾಬನ ಪಕ್ಷಕ್ಕೆ ನಿಂತ. ನಿಜಾಮನ ಪರವಾಗಿ ಬಂದ ಫ್ರೆಂಚ್ ದಳಪತಿ ಬುಸ್ಸಿಯ ತೋಪುಗಳು ಮುತ್ತಿಗೆಯ ಗತಿ ಬದಲಿಸಿದವು, ನವಾಬ ಸಂಧಿಗೆ ಬಂದ. ಇಲ್ಲಿ ಸೇರುವ ಹೊಸ ನಿಯಮ ತೋಪು. ದೂರದಿಂದ ಹೊಡೆಯುತ್ತದೆ, ಆದರೆ ಎಳೆದ ಸರದಿಯಲ್ಲಿ ಹೊಡೆಯದು. ಹಿಂದಿನ ಪಾಠದಲ್ಲಿ ಗೋಡೆಯನ್ನು ನಂಬಿ ಗೆದ್ದ ಹುಡುಗ ಈಗ ಅದೇ ಗೋಡೆ ಕರಗುವುದನ್ನು ಕಾಣುತ್ತಾನೆ. ಜೊತೆಗೆ ಮೂರು ನಾಲ್ಕು ಪಕ್ಷಗಳ ಆಟವೆಂದರೆ ಮಾತುಕತೆಯೂ ಒಂದು ನಡೆ ಎಂಬುದನ್ನು ಮೊದಲ ಸಲ ಅನುಭವಿಸುತ್ತಾನೆ.

ಮೂರನೆಯದು, ಈ ಸರಣಿಯ ತಿರುಳು, 1764ರ ಮೇ ತಿಂಗಳ ರಟ್ಟೀಹಳ್ಳಿ. ಹಿಂದೆ ಹಿರೇಕೆರೂರಿಗೆ ಸೇರಿದ್ದ, ಈಗ ಸ್ವತಂತ್ರ ತಾಲೂಕಾಗಿರುವ ಈ ಊರಿನ ಬಳಿ ಹೈದರಾಲಿ ತನಗೆ ಅನುಕೂಲವಾದ ನೆಲ ಆರಿಸಿ ಭದ್ರವಾಗಿ ನಿಂತಿದ್ದ. ಪೇಶ್ವೆ ಮಾಧವರಾವ್ ಆ ನೆಲಕ್ಕೆ ಬಂದು ಹೊಡೆಯಲು ಒಪ್ಪಲಿಲ್ಲ. ಮರಾಠರನ್ನು ಎಳೆದು ತರಲು ಹೈದರ್ ಹೊರಗೆ ಬಂದ, ಅವರ ಕುದುರೆದಳದ ಸುತ್ತುವರಿಕೆಗೆ ಸಿಕ್ಕು ದೊಡ್ಡ ನಷ್ಟದೊಂದಿಗೆ ಹಿಂದೆ ಸರಿದ. ಈ ಕಾಳಗವನ್ನು ಅರ್ಥಮಾಡಿಕೊಳ್ಳಲು ನೆಲವನ್ನು ನೋಡಬೇಕು. ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡಿನ ಅಂಚು, ಕಾಡು, ಪೂರ್ವಕ್ಕೆ ಬಯಲು. ಬಯಲಿನಲ್ಲಿ ಮರಾಠರ ಸವಾರರಿಗೆ ಮೇಲುಗೈ, ಮರೆಯಿದ್ದ ಕಡೆ ಮೈಸೂರಿನ ಕಾಲಾಳು ಮತ್ತು ತೋಪುಗಳಿಗೆ. ಯಾರು ಯಾರನ್ನು ಯಾವ ನೆಲಕ್ಕೆ ಕರೆಸುತ್ತಾರೆ ಎಂಬುದೇ ಆ ಇಡೀ ದಂಡಯಾತ್ರೆಯ ಒಗಟು. ಹೊಸ ನಿಯಮ ಇಷ್ಟೇ: ಬಯಲಲ್ಲಿ ಕುದುರೆಗೆ ಮೂರು ಮನೆ, ಕಾಡಿನಲ್ಲಿ ಒಂದು, ಬದಿಯಿಂದ ಬಿದ್ದ ಪೆಟ್ಟಿಗೆ ಇಮ್ಮಡಿ ಬಲ.

ಈ ಸನ್ನಿವೇಶವನ್ನು ಎರಡು ಸಲ, ಪಕ್ಷ ಬದಲಿಸಿ ಆಡಿಸಬೇಕು. ಮೊದಲ ಸಲ ಹೈದರಾದವನು ಸಾಮಾನ್ಯವಾಗಿ ತಾಳ್ಮೆಗೆಟ್ಟು ಹೊರಗೆ ನುಗ್ಗುತ್ತಾನೆ. ಎರಡನೆಯ ಸಲ ಮಾಧವರಾವ್ ಆದಾಗ, ಕಾಯುವುದೂ ಒಂದು ಆಕ್ರಮಣ ಎಂಬುದು ಅವನಿಗೆ ಒಳಗಿನಿಂದ ತಿಳಿಯುತ್ತದೆ. ಯಾವ ನಿಯಮ ಪುಸ್ತಕವೂ ಇದನ್ನು ವಾಕ್ಯವಾಗಿ ಕಲಿಸಲಾರದು.

ನಾಲ್ಕನೆಯದು 1786. ಮರಾಠರೂ ನಿಜಾಮನೂ ಒಂದಾಗಿ ಟಿಪ್ಪುವಿನ ಮೇಲೆ ಬಂದಾಗ, ಮಳೆಗಾಲದಲ್ಲಿ ತುಂಬಿ ಹರಿಯುವ ತುಂಗಭದ್ರೆಯನ್ನು ಯಾರೂ ದಾಟಲಾರರೆಂಬುದು ಎಲ್ಲರ ಎಣಿಕೆ. ಟಿಪ್ಪು ಹರಿಗೋಲು, ತೆಪ್ಪಗಳಲ್ಲಿ ಸೈನ್ಯ ದಾಟಿಸಿ ಎಣಿಕೆಯನ್ನು ಸುಳ್ಳು ಮಾಡಿದ. ಸವಣೂರಿನ ಬಳಿ ಹರಿಪಂತ ಫಡ್ಕೆಯ ಮಿತ್ರಸೇನೆಯ ಮೇಲೆ ರಾತ್ರಿದಾಳಿ ಮಾಡಿದ. ಕತ್ತಲಲ್ಲಿ ಅವನ ತುಕಡಿಗಳೇ ಒಂದಕ್ಕೊಂದು ಸಂಪರ್ಕ ತಪ್ಪಿದವು, ಆದರೂ ಕೊನೆಗೆ ಸವಣೂರು ಅವನ ವಶವಾಯಿತು. ಈ ಪಾಠಕ್ಕೆ ತೀರ್ಪುಗಾರ ಬೇಕೇ ಬೇಕು. ಎರಡು ಪಕ್ಷಗಳಿಗೂ ಬೇರೆ ಬೇರೆ ನಕ್ಷೆ, ನಡುವೆ ಒಂದು ಅರಿವೆಯ ಮರೆ. ಆದೇಶ ಚೀಟಿಯಲ್ಲಿ ಬರೆದು ಕೊಡಬೇಕು. ತೀರ್ಪುಗಾರ ದಾಳ ಹಾಕಿ ಒಂದು ತುಕಡಿ ದಾರಿ ತಪ್ಪಿತೆಂದೋ ಹೊಳೆ ಏರಿತೆಂದೋ ಹೇಳುತ್ತಾನೆ. ಮೂರು ಪಾಠ ಮುಗಿಸಿ ಬಂದವರಿಗೆ ಇದು ಕಷ್ಟವೆನಿಸುವುದಿಲ್ಲ. ಇದನ್ನೇ ಮೊದಲ ದಿನ ಕೊಟ್ಟಿದ್ದರೆ ಯಾರೂ ನಿಲ್ಲುತ್ತಿರಲಿಲ್ಲ.

ಜಾನಪದದ ಅಧ್ಯಯನಕ್ಕೆಂದೇ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೇ ಸೀಮೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿದೆ. ಊರಾಟಗಳ ಹಾಸು ಮತ್ತು ಈ ಕಾಳಗಗಳ ನಕ್ಷೆ ಒಂದೇ ಮೇಜಿಗೆ ಬರಲು ಅದಕ್ಕಿಂತ ಯೋಗ್ಯವಾದ ಸ್ಥಳ ಸಿಗಲಾರದು.

ಕಲಿಸುವವರ ನಡವಳಿಕೆ

ವಿಧಾನ ಎಷ್ಟೇ ಒಳ್ಳೆಯದಿರಲಿ, ಹೊಸಬರು ಉಳಿಯುವುದು ಬಿಡುವುದು ಎದುರು ಕೂತ ಹಳಬರ ಮೇಲೆ ನಿಂತಿದೆ. ಸಾಮಾನ್ಯವಾಗಿ ಕಾಣುವ ತಪ್ಪು, ಹೊಸಬನ ಕಾಯಿಯನ್ನು ತಾನೇ ನಡೆಸಿಬಿಡುವುದು. ಆಮೇಲೆ ಸೋತರೂ ಗೆದ್ದರೂ ಅದು ಹೊಸಬನ ಆಟವಾಗಿ ಉಳಿಯುವುದಿಲ್ಲ. ಅದರ ಬದಲು ಪ್ರಶ್ನೆ ಕೇಳಬೇಕು. "ತಮ್ಮಾ, ಆ ಕುದುರಿ ಅಲ್ಲಿಗೆ ಹ್ವಾದ್ರ ಹಿಂದ ಯಾರು ಕಾಯ್ತಾರ?" ಎಂದು ಊರ ಹಿರಿಯರು ಕೇಳುವ ಕ್ರಮ ಸರಿಯಾದದ್ದು. ಉತ್ತರ ಹೊಸಬನಿಂದಲೇ ಬರಬೇಕು, ಬರುವವರೆಗೆ ಕಾಯಬೇಕು.

ಬೇಕೆಂದೇ ಸೋತು ಕೊಡುವ ರೂಢಿಯೂ ಒಳ್ಳೆಯದಲ್ಲ. ಮಕ್ಕಳಿಗೆ ಅದು ಬಹುಬೇಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಆಟದ ಮೇಲಿನ ಗೌರವವೇ ಹೋಗುತ್ತದೆ. ಬಲ ಸಮ ಮಾಡಲು ಬಹಿರಂಗವಾದ ದಾರಿಗಳಿವೆ. ಚದುರಂಗದಲ್ಲಿ ಹಳಬ ತನ್ನ ಮಂತ್ರಿಯನ್ನೋ ಒಂದು ಆನೆಯನ್ನೋ ತೆಗೆದಿಟ್ಟು ಆಡುವುದು ಬಹಳ ಹಳೆಯ ರೂಢಿ. ನಕ್ಷೆಯಾಟದಲ್ಲಿ ಹೊಸಬನಿಗೆ ಎರಡು ತುಕಡಿ ಹೆಚ್ಚು ಕೊಡಬಹುದು, ಅಥವಾ ಗೆಲುವಿನ ಗುರಿಯನ್ನು ಬದಲಿಸಬಹುದು: ಹಾನಗಲ್ಲಿನ ಒಳಗಿರುವವನು ಗೆಲ್ಲಬೇಕಿಲ್ಲ, ಹತ್ತು ಸರದಿ ತಾಳಿಕೊಂಡರೆ ಸಾಕು. ಮೊದಲ ಆಟ ಒಂದು ಗಂಟೆ ಮೀರದಂತೆ ನೋಡಿಕೊಳ್ಳಬೇಕು. ಗೆಲುವು ಸೋಲು ಸ್ಪಷ್ಟವಾದ ಮೇಲೂ ಕೊನೆಯ ಕಾಯಿಯವರೆಗೆ ಎಳೆಯುವುದು ಹೊಸಬರಿಗೆ ಶಿಕ್ಷೆ. ಆಗ ನಿಲ್ಲಿಸಿ, ಎಲ್ಲಿ ತಿರುಗಿತೆಂದು ಎರಡು ಮಾತಾಡಿ, ಮತ್ತೆ ಹೂಡುವುದು ಮೇಲು.

ಹೆಣ್ಣುಮಕ್ಕಳನ್ನು ಈ ಆಟಗಳಿಂದ ದೂರ ಇಡುವ ವಾಡಿಕೆಯ ಬಗ್ಗೆಯೂ ಒಂದು ಮಾತು ಅಗತ್ಯ. ಅಳಗುಳಿಮನೆ, ಚೌಕಾಬಾರ, ಪಗಡೆಗಳಲ್ಲಿ ಮನೆಯ ಹೆಂಗಸರೇ ಪಳಗಿದವರು. ಲೆಕ್ಕ, ಮುಂದಾಲೋಚನೆ, ಎದುರಾಳಿಯ ಮನಸ್ಸು ಓದುವುದು ಎಲ್ಲ ಅಲ್ಲಿಯೇ ರೂಢಿಯಾಗಿರುತ್ತದೆ. ಸವಣೂರಿನ ಮುತ್ತಿಗೆ ಆಡಲು ಅದಕ್ಕಿಂತ ಬೇರೆ ಅರ್ಹತೆ ಬೇಕಿಲ್ಲ. ಕರೆಯುವುದೊಂದೇ ಬಾಕಿ.

ಐತಿಹಾಸಿಕ ಆಟಗಳಲ್ಲಿ ಮಾತ್ರ ಬರುವ ಸೂಕ್ಷ್ಮವೊಂದಿದೆ. ಹೈದರ್, ಟಿಪ್ಪು, ಪೇಶ್ವೆ, ನವಾಬ ಈ ಹೆಸರುಗಳ ಸುತ್ತ ಇಂದಿನ ಒಲವು ಸಿಟ್ಟುಗಳು ಹೆಣೆದುಕೊಂಡಿವೆ. ಮಗು ತನ್ನ ಮನೆಯಲ್ಲಿ ಕೇಳಿದ ಪಕ್ಷವನ್ನೇ ಆರಿಸಿಕೊಳ್ಳಲು ಹೊರಡುತ್ತದೆ. ಚೀಟಿ ಎತ್ತಿ ಪಕ್ಷ ಹಂಚುವುದು, ಎರಡನೆಯ ಆಟದಲ್ಲಿ ಕಡ್ಡಾಯವಾಗಿ ಬದಲಿಸುವುದು ಇದಕ್ಕೆ ಪ್ರಯೋಜನಕಾರಿ ಮದ್ದು. ಎದುರು ಪಕ್ಷದ ಕಷ್ಟವನ್ನು ತಾನೇ ನಿಭಾಯಿಸಿದವನು 'ನಮ್ಮವರು, ಅವರವರು' ಎಂಬ ಮಾತನ್ನು ಸ್ವಲ್ಪ ತಡೆದು ಆಡುತ್ತಾನೆ.

ಆಟ ಮುಗಿದ ಮೇಲೆ ನಿಜವಾಗಿ ನಡೆದದ್ದೇನೆಂದು ಹೇಳುವುದೂ ಪಾಠದ ಭಾಗ. ಹಲಗೆಯ ಮೇಲೆ ಸೋಹಣಿ ಬದುಕಿ ಉಳಿದಿರಬಹುದು, ಹೈದರ್ ತನ್ನ ಬಿಡಾರ ಬಿಟ್ಟು ಕದಲದೆ ಗೆದ್ದಿರಬಹುದು. ಆದ ಫಲಿತಾಂಶಕ್ಕೂ ಇತಿಹಾಸಕ್ಕೂ ವ್ಯತ್ಯಾಸ ಏಕೆ ಬಂತೆಂದು ಹುಡುಕುವಾಗ ಹುಡುಗರು ಮಳೆ ಯಾವಾಗ ಹಿಡಿಯಿತು, ಕುದುರೆಗಳಿಗೆ ಮೇವು ಎಲ್ಲಿಂದ ಬಂತು, ಆ ಬೇಸಿಗೆಯಲ್ಲಿ ರಟ್ಟೀಹಳ್ಳಿಯ ರೈತರ ಪೈರು ಏನಾಯಿತು ಎಂದು ಕೇಳತೊಡಗುತ್ತಾರೆ. ಕಡೆಯ ಪ್ರಶ್ನೆಗೆ ಬಹುಪಾಲು ಯುದ್ಧಾಟಗಳಲ್ಲಿ ನಿಯಮವಿಲ್ಲ. ಅದನ್ನು ಸೇರಿಸಬಯಸುವ ಮಕ್ಕಳಿಗೆ ನಕ್ಷೆಯ ಮೇಲೆ ಊರು, ಹೊಲಗಳನ್ನು ಗುರುತಿಸಿ, ಸೇನೆ ತುಳಿದ ಪ್ರತಿ ಹೊಲಕ್ಕೂ ಎರಡೂ ಪಕ್ಷಗಳ ಅಂಕ ಕಡಿಮೆ ಮಾಡುವ ಲೆಕ್ಕ ಹಾಕಿಕೊಡಬಹುದು. ಆಗ ಅವರು ಹೂಡುವ ಆಟವೇ ಬೇರೆಯಾಗುತ್ತದೆ: ದಂಡು ಹೊಲ ಬಳಸಿಕೊಂಡು ಹೋಗಲು ಎರಡು ಸರದಿ ಹೆಚ್ಚು ಕಳೆಯುತ್ತದೆ, ಆ ಎರಡು ಸರದಿಯಲ್ಲಿ ಎದುರಾಳಿ ಏನು ಮಾಡಿಯಾನು ಎಂದು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.